ತೂತಿಲ್ಲದ ಜರಡಿ

ತಮಿಳುನಾಡಿನ ಬೋಡಿನಾಯಕನೂರಿನ ಏಲಕ್ಕಿ ಮಂಡಿಯಲ್ಲಿ ಅರ್ಧ ದಿನ ಕೂತಿದ್ದೆ. ಹೆಂಗಸರು ಸಾಲಾಗಿ ಕೂತು ಕಾಯಿ ಆಯುತ್ತಿದ್ದರು: ಬಾಯಿ ಬಿಟ್ಟದ್ದು ಒಂದು ಕಡೆ, ಹುಳು ಕೊರೆದದ್ದು ಇನ್ನೊಂದು ಕಡೆ. ಆಮೇಲೆ ಜರಡಿ. 8 ಮಿಲಿಮೀಟರಿನ ತೂತಿನ ಮೇಲೆ ನಿಂತದ್ದು ಗಟ್ಟಿ ಕಾಯಿ. ಇಳಿದದ್ದಕ್ಕೆ ಕೆಳಗೆ 7ರದ್ದು ಕಾದಿರುತ್ತದೆ. ಹರಾಜಿನಲ್ಲಿ ವ್ಯಾಪಾರಿ ಸ್ಯಾಂಪಲ್ಲನ್ನು ಅಂಗೈಗೆ ಸುರಿದುಕೊಂಡು, ಒಂದನ್ನು ಹಿಸುಕಿ, ಮೂಸಿ ನೋಡಿಯೇ ಗುಂಡಿ ಒತ್ತುವುದು.

ನಾನು ಕಾಲೇಜು ಮೇಷ್ಟ್ರು ಅಂತ ತಿಳಿದ ಕೂಡಲೇ ಕಂಬಂ ಕಡೆಯ ಒಕ್ಕಲಿಗರ ಅಜ್ಜಿಯೊಬ್ಬರು ಮನೆಮಾತಿನ ಕನ್ನಡದಲ್ಲೇ ಕೇಳಿದರು: "ನೀವು ಹುಡುಗರನ್ನ ಹೆಂಗಪ್ಪ ಆಯೋದು?"

ಏನು ಹೇಳಲಿ? ಇಲ್ಲಿನ ಕಾಲೇಜುಗಳಲ್ಲಿ ಇಂಟರ್ನಲ್ 25, ಪರೀಕ್ಷೆ 75. ಕರ್ನಾಟಕದಲ್ಲಿ 2021ರಲ್ಲಿ 40–60 ಬಂತು, 2024ರಲ್ಲಿ 20–80 ಆಯಿತು. ಜರಡಿಯ ಅಗಲ ಎಷ್ಟಿರಬೇಕು ಅಂತ ಸರ್ಕಾರಗಳು ಆಗಾಗ ಚರ್ಚಿಸುತ್ತವೆ. ಅದರಲ್ಲಿ ತೂತು ಇದೆಯಾ ಅಂತ ನೋಡಿದವರಿಲ್ಲ. ಇಪ್ಪತ್ತೈದಕ್ಕೆ ಇಡೀ ಕ್ಲಾಸು 22ರಿಂದ 24ರೊಳಗೆ. ಪೂರ್ತಿ 25 ಕೊಡುವುದಿಲ್ಲ, ದೃಷ್ಟಿಯಾಗುತ್ತದೆ. ಯಾರಿಗಾದರೂ 19 ಬಿದ್ದಿದೆ ಅಂದರೆ ಅವನು ದಡ್ಡನಲ್ಲ, ಎಚ್‌ಒಡಿಗೆ ಎದುರು ಮಾತಾಡಿದವನು.

ಅಸೈನ್‌ಮೆಂಟಿನ ಕಥೆ ಇನ್ನೂ ಸೊಗಸು. ಮೊದಲು ಒಬ್ಬಳು ಬರೆಯುತ್ತಿದ್ದಳು, ಉಳಿದವರು ಇಳಿಸಿಕೊಳ್ಳುತ್ತಿದ್ದರು. ಕೈಬರಹವಾದರೂ ಬೇರೆ ಬೇರೆ ಇರುತ್ತಿತ್ತು. ಈಗ ಮೊಬೈಲೇ ಬರೆದುಕೊಡುತ್ತದೆ. ನಾವು ಹಾಳೆಯ ದಪ್ಪ ನೋಡಿ, ಪುಟಕ್ಕೊಂದು ಕೆಂಪು ಟಿಕ್ ಹಾಕಿ, ಕಟ್ಟು ಕಟ್ಟಿ ಅಲಮಾರಿಗೆ ತುಂಬುತ್ತೇವೆ. ಓದಿದ್ದರೆ ಯಾವಳೋ ಒಬ್ಬಳು ತನ್ನೂರಿನ ದ್ರಾಕ್ಷಿ ತೋಟದ ಕೂಲಿ ಲೆಕ್ಕ ಬರೆದದ್ದು ಕಣ್ಣಿಗೆ ಬೀಳುತ್ತಿತ್ತು. ಅವಳಿಗೂ 23.

ಇನ್ನು ಪ್ರಶ್ನೆಪತ್ರಿಕೆ. ಪಕ್ಕದ ದಿಂಡುಕ್ಕಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮುದ್ರೆ ಸಿಕ್ಕಿತು. ಕೈಯಲ್ಲೇ ಮಾಡಿದ ಬೀಗ, ಅದರ ಕೀಲಿಗೆ ಮಾತ್ರ ಬಗ್ಗುತ್ತದೆ. ನಮ್ಮದಕ್ಕೆ ಗೈಡಿನ ಹತ್ತು 'ಇಂಪಾರ್ಟೆಂಟ್' ಸಾಕು, ಐದು ವರ್ಷದ ಪತ್ರಿಕೆಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಯಾರೋ ಹುಂಬ ಯೋಚಿಸಿ ಬರೆಯಬೇಕಾದ ಪ್ರಶ್ನೆ ಹಾಕಿದರೆ ಅದು 'ಔಟ್ ಆಫ್ ಸಿಲಬಸ್': ಎಲ್ಲರಿಗೂ ಗ್ರೇಸ್ ಮಾರ್ಕು, ಅವನಿಗೆ ಮೆಮೊ.

ಇಷ್ಟನ್ನೂ ಅಜ್ಜಿಗೆ ಹೇಳಿದೆ. ಅವರು ಮೊರ ನಿಲ್ಲಿಸಿದರು. "ಹಂಗಾದ್ರೆ ಹುಳುಕು ಎಲ್ಲಿ ಹಾಕ್ತೀರಿ?"

ಕಾನ್ವೊಕೇಶನ್ನಿನಲ್ಲಿ ಗೌನು ಹಾಕಿಸಿ ಫೋಟೊ ತೆಗೆಸುತ್ತೇವೆ ಅನ್ನಲು ಬಾಯಿ ಬರಲಿಲ್ಲ. ಮಾತು ಮರೆಸಲು ಒಂದು ಹಿಡಿ ಕಾಯಿ ತೆಗೆದುಕೊಂಡು ನಾನೂ ಆಯತೊಡಗಿದೆ. ಮುಗಿಸಿ ಕೊಟ್ಟದ್ದನ್ನು ಅಜ್ಜಿ ಬೆಳಕಿಗೆ ಹಿಡಿದು ನೋಡಿ, ಅರ್ಧದಷ್ಟು ವಾಪಸ್ಸು ಎಸೆದರು. ಮರುಮೌಲ್ಯಮಾಪನಕ್ಕೆ ಫೀಸು ಕೇಳಲಿಲ್ಲ.