ಹೊರಗಿಟ್ಟ ಸರ್ಕಾರವನ್ನು ಒಳಗೆ ಕರೆಯುವ ವಿಧಾನ: ಬಳಕೆದಾರರ ಕೈಪಿಡಿ

ಯಾರಿಗಾಗಿ: ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಫ್ಲಾಟ್ ಕೊಂಡು, ಮಕ್ಕಳನ್ನು ವಿದೇಶಕ್ಕೆ ಕಳಿಸಿ, ಬ್ಯಾಂಕಿನ ಠೇವಣಿ ನಂಬಿ ಕೂತಿರುವ ನಿವೃತ್ತ ಕನ್ನಡಿಗರಿಗೆ. 'ಸಿಬಿಐನಿಂದ ಮಾತಾಡ್ತಿದ್ದೀವಿ, ಕ್ಯಾಮೆರಾ ಮುಂದಿಂದ ಏಳಬೇಡಿ' ಎಂಬ ಕರೆ ಬರುವ ಮೊದಲೇ ಓದಿ ಮುಗಿಸತಕ್ಕದ್ದು.

ಪೆಟ್ಟಿಗೆಯಲ್ಲಿ ಏನೇನಿದೆ

1. ಇಂಟರ್‌ಪೋಲ್ (ದೇಶದೇಶಗಳ ಪೊಲೀಸರನ್ನು ಜೋಡಿಸುವ ಸಂಸ್ಥೆ), ಒಂದು. 1923ರಲ್ಲಿ ವಿಯೆನ್ನಾದಲ್ಲಿ ತಯಾರಾದದ್ದು. ಈಗಿನ ಕಚೇರಿ ಫ್ರಾನ್ಸಿನ ಲಿಯೋನ್. ಸದಸ್ಯ ದೇಶಗಳು 196.
2. ಅದರ ಸಂವಿಧಾನದ 3ನೇ ವಿಧಿ. ಇದರಂತೆ ಸಂಸ್ಥೆ ರಾಜಕೀಯಕ್ಕೆ ಕೈಹಾಕುವಂತಿಲ್ಲ.
3. ತೈವಾನ್. ಪೆಟ್ಟಿಗೆಯಲ್ಲಿ ಹುಡುಕಬೇಡಿ. 1984ರಲ್ಲಿ ಚೀನಾ ಒಳಗೆ ಬಂದಾಗ ಇದು ಹೊರಗೆ ಬಿತ್ತು. ಇದನ್ನು ರಾಜಕೀಯವೆಂದು ಭಾವಿಸಬಾರದು. 2ನೇ ಅಂಶ ನೋಡಿ.

ಜೋಡಿಸುವ ಕ್ರಮ

ಹೆಜ್ಜೆ 1: ತೈವಾನಿಗೆ ಪೂರ್ಣ ಸದಸ್ಯತ್ವ ಕೇಳಬೇಡಿ. ಸದಸ್ಯ ದೇಶಗಳ ಮಹಾಸಭೆಯಲ್ಲಿ ಮೂರನೇ ಎರಡರಷ್ಟು ಮತ ಬೇಕಾಗುತ್ತದೆ. 2017ರಲ್ಲಿ ಬೀಜಿಂಗ್‌ನಲ್ಲಿ ಪ್ಯಾಲೆಸ್ತೀನ್ ಗೆದ್ದಿತು. ಮರುವರ್ಷ ದುಬೈಯಲ್ಲಿ ಕೊಸೊವೊ ಸೋತಿತು.

ಹೆಜ್ಜೆ 2: ವೀಕ್ಷಕನಾಗಿ ಕೂರಿಸಿ ಸಾಕು ಎನ್ನಿ. ಇದಕ್ಕೆ ಯತ್ನಿಸಬೇಕೆಂಬ ಕಾನೂನಿಗೆ 2016ರ ಮಾರ್ಚ್‌ನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಒಬಾಮ ಸಹಿ ಹಾಕಿದರು. ನವೆಂಬರಿನ ಬಾಲಿ ಮಹಾಸಭೆಗೆ ತೈವಾನಿಗೆ ಪ್ರವೇಶ ಸಿಗಲಿಲ್ಲ; ಚೀನಾದ ಮೆಂಗ್ ಹಾಂಗ್‌ವೇ ಅದೇ ಸಭೆಯಲ್ಲಿ ಇಂಟರ್‌ಪೋಲ್ ಅಧ್ಯಕ್ಷರಾದರು. 2018ರಲ್ಲಿ ಅವರು ಚೀನಾದಲ್ಲೇ ಕಾಣೆಯಾದಾಗ, ನಮ್ಮ ಅಧ್ಯಕ್ಷರೆಲ್ಲಿ ಎಂದು ಇಂಟರ್‌ಪೋಲ್ ಚೀನಾವನ್ನೇ ಕೇಳಬೇಕಾಯಿತು. ಜಗತ್ತಿನ ಕಾಣೆಯಾದವರನ್ನೆಲ್ಲ ಹುಡುಕುವ ಯಂತ್ರದ ಸಾಮರ್ಥ್ಯ ಇಷ್ಟು.

ಹೆಜ್ಜೆ 3: ಹೆಜ್ಜೆ 2ನ್ನು ಪ್ರತಿವರ್ಷ ಮಾಡಿ. 2022ರ ಅಕ್ಟೋಬರಿನಲ್ಲಿ 90ನೇ ಮಹಾಸಭೆ ನಮ್ಮ ದೆಹಲಿಯಲ್ಲೇ ನಡೆಯಿತು. ಫಲಿತಾಂಶ ಮೇಲಿನಂತೆ.

ಪ್ರಾಯೋಗಿಕ ಪರೀಕ್ಷೆ

2024ರ ಅಕ್ಟೋಬರ್, ಅಹಮದಾಬಾದ್. ಹಿರಿಯ ನಾಗರಿಕರೊಬ್ಬರನ್ನು ಕ್ಯಾಮೆರಾ ಮುಂದೆ ಕೂರಿಸಿ 'ಡಿಜಿಟಲ್ ಅರೆಸ್ಟ್' ಮಾಡಿ ಸುಮಾರು 80 ಲಕ್ಷ ರೂಪಾಯಿ ಕಿತ್ತುಕೊಂಡ ಪ್ರಕರಣದಲ್ಲಿ ನಗರದ ಸೈಬರ್ ಪೊಲೀಸರು 17 ಮಂದಿಯನ್ನು ಹಿಡಿದರು. ಅವರಲ್ಲಿ ನಾಲ್ವರು ತೈವಾನಿನವರು. ಪೊಲೀಸರ ಆರೋಪ ನಿಜವಾದರೆ, ನಮ್ಮವರೂ ತೈವಾನಿಗರೂ ಕೂಡಿ ದುಡಿಯಲು ಯಾವ ರಾಯಭಾರ ಕಚೇರಿಯೂ ಬೇಕಾಗಿರಲಿಲ್ಲ, ಯಾವ ಮಹಾಸಭೆಯ ಮತವೂ ಬೇಕಾಗಿರಲಿಲ್ಲ.

ತೊಂದರೆ ಮತ್ತು ಪರಿಹಾರ

ತೊಂದರೆ: ಆರೋಪಿಯ ಪೂರ್ವಾಪರ ತೈವಾನಿನ ರಾಜಧಾನಿ ತೈಪೆಯಿಂದ ಬೇಕು.
ಪರಿಹಾರ: ಇಂಟರ್‌ಪೋಲ್ ವ್ಯವಹಾರಕ್ಕೆ ಭಾರತದ ಕೇಂದ್ರ ಸಿಬಿಐ. ಹೌದು, ವಂಚಕರು ಫೋನಿನಲ್ಲಿ ಹೇಳುವ ಅದೇ ಸಿಬಿಐ. ಹಗಲೂ ರಾತ್ರಿ ನಡೆಯುವ ಇಂಟರ್‌ಪೋಲ್ ಜಾಲದಲ್ಲಿ ಅದರ ಸಂದೇಶ ಫಿಜಿಗೂ ಹೋಗುತ್ತದೆ, ಪಲಾವುಗೂ ಹೋಗುತ್ತದೆ. ತೈಪೆಗೆ ಹೋಗುವುದಿಲ್ಲ.

ತೊಂದರೆ: ಹಾಗಾದರೆ ಯಾರನ್ನು ಕೇಳುವುದು?
ಪರಿಹಾರ: ದೆಹಲಿಯಲ್ಲೂ ಚೆನ್ನೈಯಲ್ಲೂ 'ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ' ಎಂಬ ಬೋರ್ಡು ಹುಡುಕಿ. ಮುಂಬೈಯಲ್ಲೂ ಒಂದು ತೆರೆಯಿತು, ಅದೂ ಆ ಬಂಧನಗಳಾದ ತಿಂಗಳಲ್ಲೇ. ರಾಯಭಾರ ಕಚೇರಿ ಎನ್ನುವಂತಿಲ್ಲ, ಆದ್ದರಿಂದ ಕಳ್ಳತನದ ವಿಚಾರವನ್ನು ಸಂಸ್ಕೃತಿ ಖಾತೆಯಲ್ಲಿ ಎತ್ತತಕ್ಕದ್ದು.

ಎಚ್ಚರಿಕೆ

ಈ ಉಪಕರಣದಲ್ಲಿ ತೂತು ಎಲ್ಲಿದೆ ಎಂಬುದು ಬಳಕೆದಾರರಿಗೆ ತಿಳಿಯುವ ಮೊದಲೇ ಕಳ್ಳರಿಗೆ ತಿಳಿದಿರುತ್ತದೆ. ಒಂದು ಸರ್ಕಾರವನ್ನು ಹೊರಗಿಟ್ಟರೆ ಅದರ ಪೊಲೀಸರಷ್ಟೇ ಹೊರಗುಳಿಯುತ್ತಾರೆ. ಅಲ್ಲಿನ ಕಳ್ಳರು ಟಿಕೆಟ್ ತೆಗೆದುಕೊಂಡು ಬರುತ್ತಾರೆ.

ಖಾತರಿ

ಇಲ್ಲ. ಕರೆ ಬಂದರೆ ಫೋನ್ ಇಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ನಿಮ್ಮ ದೂರು ತೆಗೆದುಕೊಳ್ಳಬೇಕೇ ಬೇಡವೇ ಎಂದು ಅಲ್ಲಿ ಯಾರೂ ಮತಕ್ಕೆ ಹಾಕುವುದಿಲ್ಲ.