ಲೆಕ್ಕಕ್ಕೆ ಸಿಗದ ಚೂರಿ

“ಸಾರ್, ಪಕ್ಕದ ಬಾಡಿಗೆ ಮನೆಯಲ್ಲಿ ವಿದ್ಯಾರ್ಥಿಗೆ ಚೂರಿ ಹಾಕಿದರು. ನಿಮ್ಮ ಕ್ಯಾಂಪಸ್ ವರದಿಯಲ್ಲಿ ಸೊನ್ನೆ ಅಂತಿದೆಯಲ್ಲ?”

“ಖಾಸಗಿ ಮನೆ ತಾನೇ ಮೇಡಂ? ಆ ರಕ್ತ ನಮ್ಮ ಲೆಕ್ಕದ್ದಲ್ಲ.”

ಅಮೆರಿಕದ ಕಾಲೇಜು ಪಟ್ಟಣದ ಈ ಕಾಲ್ಪನಿಕ ಕ್ಯಾಂಪಸ್ ಪೊಲೀಸಪ್ಪ ಸುಳ್ಳಾಡುತ್ತಿಲ್ಲ, ಅದೇ ತಮಾಷೆ. 1986ರಲ್ಲಿ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಅದರ ಬೆನ್ನಿಗೆ 1990ರಲ್ಲಿ ಬಂದ ಕ್ಲೆರಿ ಕಾಯ್ದೆ, ಕ್ಯಾಂಪಸ್ಸಿನ ಮತ್ತು ಅದಕ್ಕೆ ತಾಗಿದ ರಸ್ತೆಗಳ ಅಪರಾಧಗಳನ್ನು ಪ್ರಕಟಿಸಲೇಬೇಕೆನ್ನುತ್ತದೆ. ಕಾಲೇಜಿಗೆ ಸಂಬಂಧವಿಲ್ಲದ ಬಾಡಿಗೆ ಮನೆಗಳು ಮಾತ್ರ ಹೊರಗುಳಿದಿವೆ, ಅಲ್ಲಿ ತುಂಬಿರುವವರು ವಿದ್ಯಾರ್ಥಿಗಳೇ ಆದರೂ. ನಗರ ಪೊಲೀಸರು ಎಣಿಸುತ್ತಾರಲ್ಲ ಎನ್ನಬಹುದು. ಎಣಿಸುತ್ತಾರೆ, ಸರಿ, ಆದರೆ ಮಗಳಿಗೆ ಕಾಲೇಜು ಹುಡುಕುವ ಅಪ್ಪ ಎರಡು ಇಲಾಖೆಗಳ ಕಡತ ಕೂಡಿಸುತ್ತಾ ಕೂರುವನೇ? ಅವನ ಕಣ್ಣಿಗೆ ಬೀಳುವುದು ಆ ಸೊನ್ನೆ.

“ಹಾಗಾದರೆ ನಾವೇನು ಮಾಡೋಣ ಸಾರ್?”

“ರಸ್ತೆಗೆ ಬಂದು ಹೊಡೆಸಿಕೊಳ್ಳಲಿ ಮೇಡಂ, ಖಂಡಿತ ಎಣಿಸುತ್ತೇವೆ.”