ಹಿಂದ 40 ಕಡ್ಡಿ

(ಬೀದರ್, ಚೌಬಾರಾ ಹತ್ತಿರದ ಸೈಕಲ್ ದುಕಾನು. ಕಾಕಾಗಿಂತ ಮೊದಲು ಕಾಕಾನ ಹೊಟ್ಟೆ ಒಳಗೆ ಬರುತ್ತದೆ.)

ಕಾಕಾ: ತಮ್ಮಾ, ತೂಕ ಇಳಸ್ಬೇಕು. ತೆಳ್ಳನ ಟೈರಿಂದು, ಗೇರಿಂದು ತೋರ್ಸು.

ಮಿಸ್ತ್ರಿ: ಈಗ ತೂಕ ಎಷ್ಟದರಿ?

ಕಾಕಾ: 115. ಚಪ್ಪಲ್ ಬಿಟ್ಟು.

ಮಿಸ್ತ್ರಿ: ಹಂಗಾದ್ರ ಕರಿ ಸೈಕಲ್ಲೇ ಒಯ್ರಿ. ಮುಂದ 32 ಕಡ್ಡಿ, ಹಿಂದ 40. ಭಾರ ಹಿಂದೇ ಜಾಸ್ತಿ ಬೀಳ್ತದ. ಹಾಲಿನ ಕ್ಯಾನ್ ಹೊತ್ತ ಗಾಡಿರಿ ಇದು.

ಕಾಕಾ: ನನಗ ಕ್ಯಾನಿಗಿ ಹೋಲಸ್ತೀ?

ಮಿಸ್ತ್ರಿ: ಇಲ್ರಿ ಕಾಕಾ, ಕ್ಯಾನ್ ಮಾತಾಡಲ್ಲ.

ಕಾಕಾ: ಸೀಟ್ ಇಳಸು. ಎರಡೂ ಕಾಲು ನೆಲಕ್ಕ ಹತ್ಬೇಕು.

ಮಿಸ್ತ್ರಿ: ಮೊಣಕಾಲು ಹೋಗ್ತಾವರಿ! ಪೆಡಲ್ ಕೆಳಗ ಹೋದಾಗ ಕಾಲು ತುಸು ಬಗ್ಗಿರಬೇಕು, ಅಷ್ಟೇ.

ಕಾಕಾ: ನಾಳಿ ಭಾಲ್ಕಿ, ನಾಡಿದ್ದು ಔರಾದ್.

ಮಿಸ್ತ್ರಿ: ಒಂದೊಂದೂ 40 ಕಿಲೋಮೀಟರ್ ಹತ್ರ ಅದರಿ. ಮೊದಲ ಕಿಲ್ಲಾತನ ಹೋಗಿ ಬರ್ರಿ. ಝರಣಿ ಗುಡಿ ಕಡಿ ಇಳೀಬ್ಯಾಡ್ರಿ, ಊರು ಎತ್ತರದಾಗದ. ಹೋಗೋದು ಪುಕ್ಕಟೆ, ಬರೋದು ಸಾಲ.

ಕಾಕಾ: ಗವಾನ್ ಮದರಸಾ ಮುಂದ ಫೋಟೋ ಅಂತೂ ಬೇಕೇ ಬೇಕು.

(1472ರ ಕಟ್ಟಡ. ಮದ್ದಿನ ಸ್ಫೋಟವನ್ನೇ ತಿಂದು ನಿಂತಿದೆ, ಇದನ್ನೂ ತಾಳೀತು.)

ಕಾಕಾ: ತೂಕ ಯಾವಾಗ ಇಳೀತದ?

ಮಿಸ್ತ್ರಿ: ಹಾದ್ಯಾಗ ಮಿರ್ಚಿ ಭಜಿ ಗಾಡಿ ಎಷ್ಟವ ಅನ್ನೋದ್ರ ಮ್ಯಾಲ.

ಕಾಕಾ: ಔರಾದ್ ಬಸ್ಸಿನ ಮ್ಯಾಲ ಸೈಕಲ್ ಹಾಕಿದ್ರ ರೊಕ್ಕ ಕೇಳ್ತಾರೇನು?

ಮಿಸ್ತ್ರಿ: ಕೇಳ್ತಾರ್ರಿ. ಅವರೂ ತೂಕಾನೇ ನೋಡೋದು.